ಬೈಕಿಗೆ ಹೊರಗಿನಿಂದ ಹಾಕಿಸಿದ ಭಾಗಗಳಿಗೆ ವಿಮೆ ಸಿಗುತ್ತದೆಯೇ? ಪುಣೆಯ ಕನ್ನಡಿಗ ಸವಾರರು ಪದೇ ಪದೇ ಕೇಳುವ ಪ್ರಶ್ನೆಗಳು

ಹಿಂಜೆವಾಡಿಯ ಕಚೇರಿಗೋ ಚಾಕಣದ ಕಾರ್ಖಾನೆಗೋ ನಿತ್ಯ ಓಡುವ ಬೈಕೇ ಹಬ್ಬ ಬಂದರೆ ಕಾತ್ರಜ್ ಸುರಂಗ ದಾಟಿ, ಖಂಬಾಟ್ಕಿ ಘಾಟ್ ಹತ್ತಿ ಇಳಿದು, ಸಾತಾರಾ, ಕೊಲ್ಹಾಪುರ, ನಿಪ್ಪಾಣಿಯ ದಾರಿಯಲ್ಲಿ ಬೆಳಗಾವಿ, ಹುಬ್ಬಳ್ಳಿ ಸೇರುತ್ತದೆ. ಅಷ್ಟು ದೂರದ ಓಟಕ್ಕೆ ಮಂಜುದೀಪ, ಕ್ರ್ಯಾಶ್ ಗಾರ್ಡ್, ಪೆಟ್ಟಿಗೆ, ಮೆತ್ತನೆಯ ಸೀಟು ಬೇಕೆನಿಸುವುದು ಸಹಜ. ನಾನಾ ಪೇಠೆಯ ಬಿಡಿಭಾಗಗಳ ಅಂಗಡಿಸಾಲಿನಲ್ಲಿ ಇವೆಲ್ಲ ಒಂದೇ ಮಧ್ಯಾಹ್ನದಲ್ಲಿ ಸಿಗುತ್ತವೆ. ವಿಮಾ ಕಂಪನಿಗೆ ಈ ವಿಷಯ ತಿಳಿಸಬೇಕೆಂಬುದು ಮಾತ್ರ ಹೆಚ್ಚಿನವರಿಗೆ ಹೊಳೆಯುವುದೇ ಇಲ್ಲ. ಅಪಘಾತವಾದ ಮೇಲೆ ಬಿಲ್ಲು ಹಿಡಿದುಕೊಂಡು ಓಡುವುದು ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ. ಆದ್ದರಿಂದ ಸವಾರರು ಹೆಚ್ಚಾಗಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ.

ನನ್ನದು ಸಮಗ್ರ ಪಾಲಿಸಿ (ಸ್ವಂತ ಬೈಕಿನ ಹಾನಿಗೂ ಬೇರೆಯವರ ಹಾನಿಗೂ ರಕ್ಷಣೆ ಕೊಡುವುದು). ಹೊರಗಿನಿಂದ ಹಾಕಿಸಿದ ಭಾಗಗಳು ಅದರಲ್ಲಿ ತಾವಾಗಿಯೇ ಸೇರುತ್ತವೆ ಅಲ್ಲವೇ?

ಸೇರುವುದಿಲ್ಲ. ಪಾಲಿಸಿಯಲ್ಲಿ ಬರೆದಿರುವ ಐಡಿವಿ, ಅಂದರೆ ವಿಮೆ ಮಾಡಿದ ಘೋಷಿತ ಮೌಲ್ಯ, ತಯಾರಕರು ಪ್ರಕಟಿಸಿದ ಮಾರಾಟ ಬೆಲೆಯಿಂದ ಸವಕಳಿ ಕಳೆದು ಬಂದ ಮೊತ್ತ. ಶೋರೂಮಿನಿಂದ ಹೊರಬಿದ್ದಾಗ ಬೈಕಿನಲ್ಲಿ ಏನಿತ್ತೋ ಅದಕ್ಕೆ ಮಾತ್ರ ಆ ಲೆಕ್ಕ. ಆಮೇಲೆ ನೀವು 20,000 ರೂಪಾಯಿಯ ಪೆಟ್ಟಿಗೆಗಳನ್ನು ಹಾಕಿಸಿದರೆ ಆ 20,000 ಎಲ್ಲೂ ದಾಖಲಾಗಿರುವುದಿಲ್ಲ, ಅದಕ್ಕೆ ನೀವು ಪ್ರೀಮಿಯಂ ಕಟ್ಟಿಯೂ ಇರುವುದಿಲ್ಲ.

ನಿಮ್ಮ ಪಾಲಿಸಿಯ ಮೊದಲ ಪುಟ ತೆಗೆದು ನೋಡಿ. ವಾಹನದ ಮೌಲ್ಯದ ಪಕ್ಕದಲ್ಲೇ ವಿದ್ಯುತ್ ಆಕ್ಸೆಸರಿ ಮತ್ತು ವಿದ್ಯುತ್ತೇತರ ಆಕ್ಸೆಸರಿ ಎಂಬ ಎರಡು ಅಂಕಣಗಳಿರುತ್ತವೆ. ಅಲ್ಲಿ ಸೊನ್ನೆ ಇದ್ದರೆ ನಿಮ್ಮ ಆಕ್ಸೆಸರಿಗಳಿಗೆ ಸಿಗುವ ಪರಿಹಾರವೂ ಸೊನ್ನೆ.

ಆಕ್ಸೆಸರಿಗೂ ಮಾರ್ಪಾಡಿಗೂ ಏನು ವ್ಯತ್ಯಾಸ?

ಇಡೀ ವಿಷಯದ ತಿರುಳು ಇಲ್ಲೇ ಇದೆ. ಬೈಕಿನ ಮೂಲ ರಚನೆಯನ್ನು ಮುಟ್ಟದೆ ಮೇಲಿನಿಂದ ಸೇರಿಸುವ ವಸ್ತು ಆಕ್ಸೆಸರಿ: ಟಾಪ್ ಬಾಕ್ಸ್, ಪಕ್ಕದ ಪೆಟ್ಟಿಗೆ, ವಿಂಡ್‌ಶೀಲ್ಡ್, ಮೊಬೈಲ್ ಚಾರ್ಜರ್, ಸೀಟಿನ ಹೊದಿಕೆ. ತಯಾರಕರು ಅನುಮೋದನೆ ಪಡೆದ ರಚನೆಯನ್ನೇ ಬದಲಿಸುವುದು ಮಾರ್ಪಾಡು: ಎಂಜಿನ್ ಸಾಮರ್ಥ್ಯ, ಸೈಲೆನ್ಸರ್, ಚಾಸಿಸ್, ಇಂಧನದ ಬಗೆ. ಮೊದಲನೆಯದಕ್ಕೆ ಹಣ ಕೊಟ್ಟು ವಿಮೆ ಪಡೆಯಬಹುದು. ಎರಡನೆಯದರಲ್ಲಿ ಕಾನೂನು ನಿಷೇಧಿಸಿರುವುದಕ್ಕೆ ಎಷ್ಟು ಪ್ರೀಮಿಯಂ ಕಟ್ಟಿದರೂ ರಕ್ಷಣೆ ಸಿಗುವುದಿಲ್ಲ.

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ನಿಗದಿಪಡಿಸಿದ್ದಕ್ಕಿಂತ ಬೇರೆಯಾಗುವಂತೆ ಮಾಲೀಕರು ವಾಹನವನ್ನು ಬದಲಿಸುವಂತಿಲ್ಲ. ಕೇರಳದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ತೀರ್ಪು ಕೊಟ್ಟ ಸುಪ್ರೀಂ ಕೋರ್ಟ್ ಇದನ್ನೇ ಬಿಗಿಯಾಗಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182ಎ ಕಲಂ ಅನುಮತಿಯಿಲ್ಲದ ಮಾರ್ಪಾಡಿಗೆ ಆರು ತಿಂಗಳವರೆಗೆ ಜೈಲು, ಅಥವಾ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸುತ್ತದೆ. ದಂಡ ಬೈಕಿಗೆ ಒಂದು ಎಂದಲ್ಲ, ಮಾರ್ಪಾಡಿಗೆ ಒಂದು ಎಂಬುದನ್ನು ಗಮನಿಸಿ.

ವೇತಾಳ ಟೇಕಡಿಯಲ್ಲಿ ಬೆಳಗಿನ ನಡಿಗೆಗೆ ಹೋಗುವ ಪುಣೆಕರರಿಗೆ ಎಆರ್‌ಎಐ ಆವರಣ ಗೊತ್ತಿರುತ್ತದೆ. ಒಂದು ಮಾದರಿಯ ಬೈಕು ಮಾರುಕಟ್ಟೆಗೆ ಬರುವ ಮೊದಲು ಅದರ ಬ್ರೇಕು, ಹೊಗೆ, ಸದ್ದು, ದೀಪಗಳನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಸಂಸ್ಥೆಗಳಲ್ಲಿ ಅದೂ ಒಂದು. ಆ ಪರೀಕ್ಷೆಯಲ್ಲಿ ಗೆದ್ದ ಬೈಕಿಗೆ ಪರೀಕ್ಷೆಯನ್ನೇ ಕಾಣದ ಭಾಗವನ್ನು ಜೋಡಿಸಿದರೆ ಆ ಪ್ರಮಾಣಪತ್ರಕ್ಕೆ ಬೆಲೆ ಉಳಿಯುವುದಿಲ್ಲ. ಕಾನೂನಿನ ಈ ಕಟ್ಟುನಿಟ್ಟು ಹಲವರಿಗೆ ಅತಿಯೆನಿಸುತ್ತದೆ. ನನಗೆ ಹಾಗೆನಿಸುವುದಿಲ್ಲ.

ಭಾಗಗಳನ್ನು ತೆಗೆದುಹಾಕುವುದೂ ಮಾರ್ಪಾಡೇ?

ಹೌದು. ಚೆಂದಕ್ಕಾಗಿ ಸೀರೆ ಗಾರ್ಡ್ ಕಿತ್ತುಹಾಕುವವರು, ಹಿಂದಿನ ಹಿಡಿಕೆ ಬಿಚ್ಚುವವರು, ಕನ್ನಡಿ ತೆಗೆಯುವವರು ಇದನ್ನು ಮರೆಯುತ್ತಾರೆ. ಹಿಂಬದಿ ಸವಾರರಿಗೆ ಹಿಡಿಕೆ, ಕಾಲೂರಲು ಜಾಗ, ಹಿಂಚಕ್ರದ ಅರ್ಧವನ್ನಾದರೂ ಮುಚ್ಚುವ ರಕ್ಷಣೆ ಇರಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮ ಹೇಳುತ್ತದೆ. ಹಿಂದೆ ಕುಳಿತವರ ಸೆರಗೋ ದುಪಟ್ಟಾವೋ ಚಕ್ರಕ್ಕೆ ಸಿಕ್ಕಿ ಆಗುವ ಅನಾಹುತದ ಮುಂದೆ ವಿಮೆಯ ಮಾತೇ ಸಣ್ಣದು. ದಯವಿಟ್ಟು ಅದನ್ನು ತೆಗೆಯಬೇಡಿ.

ಬಣ್ಣ ಬದಲಿಸಬಹುದೇ?

ಬಣ್ಣ ಆರ್‌ಸಿಯಲ್ಲಿ ದಾಖಲಾಗಿರುವ ವಿವರ. ಮೊದಲು ಆರ್‌ಟಿಒದಲ್ಲಿ ಅನುಮತಿ ಪಡೆದು ಆರ್‌ಸಿಯಲ್ಲಿ ಬದಲಿಸಿಕೊಳ್ಳಿ, ಆಮೇಲೆ ವಿಮಾ ಕಂಪನಿಗೆ ಅದರ ಪ್ರತಿ ಕಳಿಸಿ. ಬೈಕಿನ ಬಣ್ಣವನ್ನೇ ಪೂರ್ತಿ ಮುಚ್ಚಿಬಿಡುವ ಸ್ಟಿಕ್ಕರ್ ಹೊದಿಕೆಗೂ ಇದೇ ಎಚ್ಚರಿಕೆ ಇರಲಿ.

ಆಕ್ಸೆಸರಿಗಳಿಗೆ ಎಷ್ಟು ಹೆಚ್ಚುವರಿ ಪ್ರೀಮಿಯಂ ಬೀಳುತ್ತದೆ?

ನೀವು ಅಂದುಕೊಂಡಿರುವುದಕ್ಕಿಂತ ಕಡಿಮೆ. 2002ರ ಭಾರತೀಯ ಮೋಟಾರು ಸುಂಕಪಟ್ಟಿಯಲ್ಲಿ, ಅಂದರೆ ವಿಮಾ ದರಗಳ ಪಟ್ಟಿಯಲ್ಲಿ, ತಯಾರಕರ ಬೆಲೆಯಲ್ಲಿ ಸೇರದ ವಿದ್ಯುತ್ ಮತ್ತು ಎಲೆಕ್ಟ್ರಾನಿಕ್ ಉಪಕರಣಗಳಿಗೆ ಅವುಗಳ ಮೌಲ್ಯದ ಶೇ 4ರಷ್ಟು ಪ್ರೀಮಿಯಂ ಇತ್ತು. ಪಾಲಿಸಿಯಲ್ಲಿ ಐಎಂಟಿ 24 ಎಂಬ ಸಂಖ್ಯೆ ಕಂಡರೆ ಅದು ಈ ಸೇರ್ಪಡೆಯೇ. ವಿದ್ಯುತ್ತೇತರ ವಸ್ತುಗಳ ಮೌಲ್ಯವನ್ನು ವಾಹನದ ಮೌಲ್ಯಕ್ಕೆ ಕೂಡಿಸಿ, ವಾಹನಕ್ಕಿರುವ ದರವನ್ನೇ ಹಾಕುತ್ತಿದ್ದರು. ಪುಣೆ ಆ ಪಟ್ಟಿಯಲ್ಲಿ ಎ ವಲಯ, ಅಂದರೆ ದೊಡ್ಡ ನಗರಗಳ ವಲಯ. ಅಲ್ಲಿ 150ರಿಂದ 350 ಸಿಸಿಯ, ಐದು ವರ್ಷದೊಳಗಿನ ಬೈಕಿಗೆ ದರ ಶೇ 1.793. ಈಗ ಸ್ವಂತ ಹಾನಿಯ ದರವನ್ನು ಕಂಪನಿಗಳೇ ನಿಗದಿಪಡಿಸುತ್ತವೆ, ಆದರೂ ಅಂದಾಜಿಗೆ ಹಳೆಯ ಪಟ್ಟಿ ಸಾಕು.

ಲೆಕ್ಕ ಹಾಕಿ ನೋಡೋಣ. ದೀಪ, ಚಾರ್ಜರ್ ಎಲ್ಲ ಸೇರಿ 12,000 ರೂಪಾಯಿ ಎಂದರೆ ಶೇ 4ರಂತೆ 480 ರೂಪಾಯಿ. ಪೆಟ್ಟಿಗೆಗಳು 20,000 ರೂಪಾಯಿಯವು ಎಂದರೆ ಸುಮಾರು 359. ಎರಡೂ ಕೂಡಿ 839 ರೂಪಾಯಿ, ಮೇಲೆ ಶೇ 18ರ ಜಿಎಸ್‌ಟಿ. ವರ್ಷಕ್ಕೆ ಸಾವಿರದ ಆಸುಪಾಸಿನಲ್ಲಿ 32,000 ರೂಪಾಯಿಯ ಸಾಮಾನು ಪಾಲಿಸಿಯೊಳಗೆ ಬರುತ್ತದೆ. ಇಷ್ಟು ಉಳಿಸಲು ಹೋಗಿ ಸುಮ್ಮನಿರುವುದು ಯಾವ ಲೆಕ್ಕದಲ್ಲೂ ಲಾಭವಲ್ಲ.

ಘೋಷಿಸುವುದು ಹೇಗೆ? ನವೀಕರಣದವರೆಗೆ ಕಾಯಬೇಕೇ?

ಕಾಯಬೇಡಿ. ಭಾಗ ಹಾಕಿಸಿದ ವಾರದಲ್ಲೇ ಕಂಪನಿಗೆ ಇಮೇಲ್ ಬರೆದು ಎಂಡಾರ್ಸ್‌ಮೆಂಟ್, ಅಂದರೆ ಪಾಲಿಸಿಯಲ್ಲಿ ತಿದ್ದುಪಡಿ, ಕೇಳಿ. ಜಿಎಸ್‌ಟಿ ಸಂಖ್ಯೆಯಿರುವ ಪಕ್ಕಾ ಬಿಲ್, ನಂಬರ್ ಪ್ಲೇಟ್ ಕಾಣುವಂತೆ ತೆಗೆದ ಫೋಟೋ, ವಸ್ತುವಿನ ಹೆಸರು ಮತ್ತು ಬೆಲೆ ಇಷ್ಟನ್ನು ಜೊತೆಗಿಡಿ. ಕಂಪನಿ ಬೈಕನ್ನು ನೋಡಬೇಕೆಂದರೆ ತೋರಿಸಿ. ಅಂಗಡಿಯವರು ಬಿಲ್ಲಿಲ್ಲದೆ ಕೊಟ್ಟರೆ ಇನ್ನೂರು ಮುನ್ನೂರು ಉಳಿಯಬಹುದು. ಆ ವಸ್ತುವನ್ನು ವಿಮೆಗೆ ಸೇರಿಸುವುದು ಅಲ್ಲಿಗೇ ನಿಂತಂತೆ.

ಏಜೆಂಟರಿಗೆ ಫೋನಿನಲ್ಲಿ ಹೇಳಿದ್ದನ್ನು ಘೋಷಣೆ ಎಂದು ನೆಚ್ಚಿಕೊಳ್ಳಬೇಡಿ. ಪಾಲಿಸಿಯ ಹಾಳೆಯ ಮೇಲೆ ಮೊತ್ತ ಮುದ್ರಿತವಾಗಿ ಬರುವವರೆಗೆ ಕೆಲಸ ಮುಗಿದಿಲ್ಲ. ಆನ್‌ಲೈನಿನಲ್ಲಿ ನವೀಕರಿಸುವವರು ಆಕ್ಸೆಸರಿಯ ಅಂಕಣಗಳನ್ನು ಪ್ರತಿ ವರ್ಷವೂ ಹೊಸದಾಗಿ ತುಂಬಬೇಕು. ಕಂಪನಿ ಬದಲಿಸಿದಾಗ ಆ ಅಂಕಣಗಳು ಸದ್ದಿಲ್ಲದೆ ಖಾಲಿಯಾಗಿಬಿಡುತ್ತವೆ.

ಮಂಜುದೀಪ ಹಾಕಿಸಿದರೆ ವಿಮೆಗೆ ತೊಂದರೆಯೇ?

ದೀಪಕ್ಕಿಂತ ಹೆಚ್ಚು ತೊಂದರೆ ಕೊಡುವುದು ಅದರ ವೈರು. ಮಳೆಗಾಲದ ಘಾಟಿನಲ್ಲಿ ಮಂಜುದೀಪ ಬೇಕೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವಸರದ ಜೋಡಣೆ ಹೇಗಿರುತ್ತದೆ ಎಂದು ಸೀಟು ಎತ್ತಿ ನೋಡಿ. ಬೈಕಿನ ಮೂಲ ವೈರಿನ ಮೈಯನ್ನು ಬ್ಲೇಡಿನಿಂದ ಕೆರೆದು, ತಾಮ್ರಕ್ಕೆ ಹೊಸ ವೈರು ಸುತ್ತಿ, ಮೇಲೆ ಕಪ್ಪು ಟೇಪು ಅಂಟಿಸಿರುತ್ತಾರೆ. ಎರಡು ಮಳೆಗಾಲ ಕಳೆಯುವುದರೊಳಗೆ ಟೇಪಿನ ಅಂಟು ಕರಗಿ, ತಾಮ್ರ ಹಸಿರುಗಟ್ಟಿ, ಕಂಪನಕ್ಕೆ ವೈರು ಚಾಸಿಸ್ಸಿಗೆ ಉಜ್ಜತೊಡಗುತ್ತದೆ. ನಡುವೆ ಫ್ಯೂಸ್ ಇಲ್ಲದಿದ್ದರೆ ಅಲ್ಲಿಂದ ಬೆಂಕಿಗೆ ಹೆಚ್ಚು ದೂರವಿಲ್ಲ.

ಬೆಂಕಿ ಸಮಗ್ರ ಪಾಲಿಸಿಯಲ್ಲಿ ಸೇರಿರುವ ಅಪಾಯ. ವಿದ್ಯುತ್ ವ್ಯವಸ್ಥೆ ತಾನಾಗಿ ಕೆಟ್ಟರೆ ಅದು ಸೇರಿಲ್ಲ. ಬೆಂಕಿ ಎಲ್ಲಿಂದ ಹತ್ತಿತು ಎಂದು ನಷ್ಟವನ್ನು ಅಳೆಯಲು ಬರುವ ಸರ್ವೇಯರ್ ಹುಡುಕುವಾಗ ಮೊದಲು ನೋಡುವುದು ಕೆರೆದ ವೈರಿನ ಆ ಗಂಟನ್ನೇ. ವಾಹನವನ್ನು ಸುಸ್ಥಿತಿಯಲ್ಲಿಡಲು ಮಾಲೀಕರು ತಕ್ಕ ಎಚ್ಚರ ವಹಿಸಬೇಕೆಂಬ ಷರತ್ತು ಪಾಲಿಸಿಯಲ್ಲಿದೆ. ಘೋಷಿಸದ ದೀಪ, ಫ್ಯೂಸಿಲ್ಲದ ವೈರು ಎರಡೂ ಸೇರಿದರೆ ಕಂಪನಿಗೆ ನಿರಾಕರಿಸಲು ಕಾರಣ ಸಿಕ್ಕಂತೆ. ಆದ್ದರಿಂದ ಬ್ಯಾಟರಿಯಿಂದ ನೇರವಾಗಿ ಬೇರೆ ವೈರು ಎಳೆಸಿ, ಬ್ಯಾಟರಿಯ ಹತ್ತಿರವೇ ಫ್ಯೂಸ್, ಮುಂದೆ ರಿಲೇ, ನೀರು ಹೋಗದ ಕನೆಕ್ಟರ್ ಹಾಕಿಸಿ. ಮುಚ್ಚುವ ಮೊದಲು ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಜೋಡಿಸಿದವರ ಹೆಸರು ಮತ್ತು ಕೂಲಿ ಬಿಲ್ಲಿನಲ್ಲಿ ಬರಲಿ. ಎದುರಿನವರ ಕಣ್ಣು ಕುಕ್ಕದಂತೆ ದೀಪವನ್ನು ಕೆಳಮುಖ ಮಾಡಿಸುವುದನ್ನೂ ಮರೆಯಬೇಡಿ.

ಸೈಲೆನ್ಸರ್ ಬದಲಿಸಿದ್ದೇನೆ. ಅಪಘಾತವಾದರೆ ಇಡೀ ಕ್ಲೇಮ್ ಹೋಗುತ್ತದೆಯೇ?

ಆ ಸೈಲೆನ್ಸರಿಗೆ ಹಣ ಬರುವುದಿಲ್ಲ, ಅಷ್ಟು ಖಚಿತ. ಉಳಿದದ್ದು ಕಾರಣದ ಮೇಲೆ ನಿಂತಿದೆ. ನಿಂತ ಬೈಕಿಗೆ ಹಿಂದಿನಿಂದ ಟೆಂಪೊ ಗುದ್ದಿದರೆ ಸೈಲೆನ್ಸರಿಗೂ ಅಪಘಾತಕ್ಕೂ ಸಂಬಂಧವಿಲ್ಲ ಎಂದು ವಾದಿಸಲು ನಿಮಗೆ ಗಟ್ಟಿ ಆಧಾರವಿದೆ. ಬ್ರೇಕು, ಹ್ಯಾಂಡಲ್, ಸಸ್ಪೆನ್ಷನ್ ಬದಲಿಸಿ ಹತೋಟಿ ತಪ್ಪಿ ಬಿದ್ದರೆ ಆ ವಾದ ನಿಲ್ಲುವುದು ಕಷ್ಟ.

ವಿಮೆ ಒಂದು ಕಡೆಯಿರಲಿ, ಸದ್ದಿನ ಕಾನೂನು ಬೇರೆಯೇ ಇದೆ. 175 ಸಿಸಿ ಮೀರಿದ ಬೈಕಿಗೆ ತಯಾರಿಕೆಯ ಹಂತದಲ್ಲಿ 80 ಡೆಸಿಬಲ್, 80ರಿಂದ 175 ಸಿಸಿಗೆ 77 ಡೆಸಿಬಲ್ ಮಿತಿ. ಮಾಲಿನ್ಯದ ಮಾನದಂಡ ಮೀರಿದರೆ 190(2)ನೇ ಕಲಂ ಅಡಿ ಮೊದಲ ಸಲವೇ 10,000 ರೂಪಾಯಿವರೆಗೆ ದಂಡ ಬೀಳಬಹುದು, ಮೂರು ತಿಂಗಳು ಲೈಸೆನ್ಸಿಗೂ ಕುತ್ತು ಬರಬಹುದು. ಆಸ್ಪತ್ರೆ, ಹಸುಗೂಸು, ಮುದುಕರು ಇರುವ ಪೇಠೆಗಳ ಇಕ್ಕಟ್ಟಿನ ಗಲ್ಲಿಯಲ್ಲಿ ಆ ಸದ್ದು ಮಾಡುವ ಹಕ್ಕು ಯಾರಿಗೂ ಇಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಎಂಜಿನ್ ಸಾಮರ್ಥ್ಯ ಹೆಚ್ಚಿಸುವ ಕಿಟ್ ಹಾಕಿಸಿದರೆ?

ಇದನ್ನು ಹಾಕಿಸಬೇಡಿ ಎಂದೇ ಹೇಳುತ್ತೇನೆ. ಸಿಲಿಂಡರ್ ಕೊರೆದು ದೊಡ್ಡ ಪಿಸ್ಟನ್ ಕೂರಿಸಿದರೆ ಆರ್‌ಸಿಯಲ್ಲಿರುವ ಸಿಸಿ ಸುಳ್ಳಾಗುತ್ತದೆ. ವಿಮೆಯ ದರವೂ ಸಿಸಿಯನ್ನೇ ಅವಲಂಬಿಸಿದೆ. 2022ರ ಜೂನ್ 1ರಿಂದ ಜಾರಿಗೆ ಬಂದ ದರದಲ್ಲಿ 150ರಿಂದ 350 ಸಿಸಿವರೆಗಿನ ಬೈಕಿಗೆ ವರ್ಷದ ಮೂರನೇ ವ್ಯಕ್ತಿ ಪ್ರೀಮಿಯಂ (ಬೇರೆಯವರಿಗೆ ಆಗುವ ಹಾನಿಯ ವಿಮೆಗೆ ಕಟ್ಟುವ ಹಣ) 1,366 ರೂಪಾಯಿ. 350 ದಾಟಿದರೆ 2,804. 350ರ ಅಂಚಿನಲ್ಲಿರುವ ಬೈಕನ್ನು ಹಿಗ್ಗಿಸಿ ಹಳೆಯ ಪ್ರೀಮಿಯಂ ಕಟ್ಟುತ್ತಿದ್ದರೆ, ಕಂಪನಿ ಅದನ್ನು ಮುಖ್ಯ ಸಂಗತಿ ಮುಚ್ಚಿಟ್ಟಿದ್ದೆಂದೇ ಪರಿಗಣಿಸುತ್ತದೆ.

ನನ್ನ ಮಾರ್ಪಾಡಿನಿಂದಾಗಿ ಗಾಯಗೊಂಡ ಬೇರೆಯವರಿಗೆ ಪರಿಹಾರ ತಪ್ಪುತ್ತದೆಯೇ?

ಈ ಪ್ರಶ್ನೆ ಕೇಳುವವರು ಕಡಿಮೆ, ಕೇಳಬೇಕಾದದ್ದು ಇದನ್ನೇ. ಮೂರನೇ ವ್ಯಕ್ತಿಯ ವಿಮೆ 146ನೇ ಕಲಂ ಪ್ರಕಾರ ಕಡ್ಡಾಯ, ಮತ್ತು ಅದು ಇರುವುದು ರಸ್ತೆಯಲ್ಲಿ ಪೆಟ್ಟು ತಿಂದವರಿಗಾಗಿ. ಕಂಪನಿ ಹೊಣೆ ತಪ್ಪಿಸಿಕೊಳ್ಳಬಹುದಾದ ಕಾರಣಗಳ ಪಟ್ಟಿ 150ನೇ ಕಲಮಿನಲ್ಲಿದೆ: ಲೈಸೆನ್ಸ್ ಇಲ್ಲದ ಚಾಲನೆ, ರೇಸು, ಕುಡಿದು ಓಡಿಸುವುದು ಮುಂತಾದವು. ಮಾರ್ಪಾಡು ಎಂಬ ಪದ ಅಲ್ಲಿಲ್ಲ. ಆದರೆ ಮುಖ್ಯ ಸಂಗತಿಯನ್ನು ಮುಚ್ಚಿಟ್ಟು ಪಾಲಿಸಿ ಪಡೆದದ್ದು ಎಂಬ ಕಾರಣ ಇದೆ. ಇಂಥ ವಿವಾದಗಳಲ್ಲಿ ನ್ಯಾಯಾಲಯಗಳು ಎಷ್ಟೋ ಬಾರಿ, ಮೊದಲು ಗಾಯಾಳುವಿಗೆ ಪರಿಹಾರ ಕೊಡಿ, ಆಮೇಲೆ ಮಾಲೀಕರಿಂದ ವಸೂಲಿ ಮಾಡಿಕೊಳ್ಳಿ ಎಂದು ಕಂಪನಿಗೆ ಆದೇಶಿಸಿವೆ. ಪ್ರಾಣಹಾನಿಯ ಪರಿಹಾರ ಲಕ್ಷಗಳ ಲೆಕ್ಕದ್ದು. ವಸೂಲಿ ನಿಮ್ಮ ಮನೆ ಬಾಗಿಲಿಗೆ ಬಂದರೆ ಊರಿನ ಹೊಲವೂ ಉಳಿಯದು.

ಎಫ್‌ಸಿ ರಸ್ತೆಯಲ್ಲಿ ನಿಲ್ಲಿಸಿದ್ದಾಗ ಟಾಪ್ ಬಾಕ್ಸ್ ಮಾತ್ರ ಕಳುವಾಯಿತು. ಘೋಷಿಸಿದ್ದೆ. ಹಣ ಬರುತ್ತದೆಯೇ?

ಮಾಮೂಲಿ ಪಾಲಿಸಿಯಲ್ಲಿ ಬರುವುದಿಲ್ಲ. ದ್ವಿಚಕ್ರ ವಾಹನದ ಪಾಲಿಸಿಯಲ್ಲಿ, ಬೈಕೂ ಜೊತೆಗೇ ಕಳುವಾಗದಿದ್ದರೆ ಆಕ್ಸೆಸರಿಯ ಕಳವಿಗೆ ಪರಿಹಾರವಿಲ್ಲ ಎಂಬ ಷರತ್ತಿದೆ. ಇದನ್ನು ಓದದೆ ಘೋಷಿಸಿ ನಿಶ್ಚಿಂತರಾದವರು ಬಹಳ. ಈ ಕಳವಿಗೆ ಹೆಚ್ಚುವರಿ ರಕ್ಷಣೆ ಇದೆಯೇ ಎಂದು ಕಂಪನಿಯನ್ನು ಕೇಳಿ. ಇಲ್ಲವಾದರೆ ಬೀಗವಿರುವ, ಸುಲಭವಾಗಿ ಬಿಚ್ಚಿ ಒಳಗೊಯ್ಯಬಹುದಾದ ಪೆಟ್ಟಿಗೆಯನ್ನೇ ಕೊಳ್ಳಿ.

ಘೋಷಿಸಿದ ವಸ್ತುವಿಗೆ ಬಿಲ್ಲಿನ ಪೂರ್ತಿ ಮೊತ್ತ ಸಿಗುತ್ತದೆಯೇ?

ಸವಕಳಿ ಕಳೆದು ಸಿಗುತ್ತದೆ. ಪ್ಲಾಸ್ಟಿಕ್, ರಬ್ಬರ್, ನೈಲಾನ್, ಬ್ಯಾಟರಿಗೆ ಶೇ 50, ಫೈಬರ್ ಗ್ಲಾಸಿಗೆ ಶೇ 30 ಕಡಿತ. ಲೋಹದ ಭಾಗಕ್ಕೆ ಕಡಿತ ಬೈಕಿನ ವಯಸ್ಸಿನಂತೆ: ಆರು ತಿಂಗಳವರೆಗೆ ಇಲ್ಲ, ಎರಡರಿಂದ ಮೂರು ವರ್ಷದ ಬೈಕಿಗೆ ಶೇ 15, ನಾಲ್ಕರಿಂದ ಐದಕ್ಕೆ ಶೇ 35. ಅಂದರೆ ಒಂದೇ ಬೆಲೆಯ ಎರಡು ಪೆಟ್ಟಿಗೆಗಳಲ್ಲಿ ಅಲ್ಯೂಮಿನಿಯಂ ಪೆಟ್ಟಿಗೆಗೆ ಹೆಚ್ಚು, ಪ್ಲಾಸ್ಟಿಕ್ಕಿನದಕ್ಕೆ ಕಡಿಮೆ ಹಣ. ಸವಕಳಿರಹಿತ ಪಾಲಿಸಿ ಇದ್ದರೂ ಅದು ಆಕ್ಸೆಸರಿಗೆ ಅನ್ವಯಿಸುತ್ತದೆಯೇ ಎಂದು ಬರಹದಲ್ಲಿ ಕೇಳಿ ತಿಳಿದುಕೊಳ್ಳಿ.

ನನ್ನದು ಕೆಎ ನೋಂದಣಿ. ಪುಣೆಯಲ್ಲಿ ಕ್ಲೇಮ್ ಮಾಡಬಹುದೇ?

ಮಾಡಬಹುದು, ಪಾಲಿಸಿ ದೇಶವಿಡೀ ನಡೆಯುತ್ತದೆ. ಆದರೆ ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ವಾಹನ ಇಟ್ಟುಕೊಂಡರೆ ಮರುನೋಂದಣಿ ಮಾಡಿಸಬೇಕು. ಆಗ ಪುಣೆಯ ಎಂಎಚ್ 12 ಅಥವಾ ಪಿಂಪರಿ ಚಿಂಚವಡದ ಎಂಎಚ್ 14 ಕಚೇರಿಯಲ್ಲಿ ಬೈಕನ್ನು ಆರ್‌ಸಿಯೊಂದಿಗೆ ಹೋಲಿಸಿ ನೋಡುತ್ತಾರೆ. ಮಾರ್ಪಾಡು ಮಾಡಿದ ಬೈಕು ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಹೊಸ ನಂಬರ್ ಬಂದ ಕೂಡಲೇ ಪಾಲಿಸಿಯಲ್ಲೂ ಬದಲಿಸಿಕೊಳ್ಳಿ. ಹುಬ್ಬಳ್ಳಿಯ ಬಿ ವಲಯದಿಂದ ಪುಣೆಯ ಎ ವಲಯಕ್ಕೆ ಬಂದಾಗ ಪ್ರೀಮಿಯಂ ತುಸು ಏರಬಹುದು.

ಮಾರ್ಪಾಡು ಮಾಡಿದ ಹಳೆಯ ಬೈಕು ಕೊಂಡೆ. ಹೊಣೆ ಯಾರದು?

ಕೊಂಡ ಮೇಲೆ ನಿಮ್ಮದು. 14 ದಿನಗಳೊಳಗೆ ವಿಮೆಯನ್ನು ನಿಮ್ಮ ಹೆಸರಿಗೆ ವರ್ಗಾಯಿಸಲು ಅರ್ಜಿ ಹಾಕಿ, ಅದರಲ್ಲೇ ಆಕ್ಸೆಸರಿಗಳನ್ನು ಬರೆಯಿರಿ. ಮೂಲ ಸೈಲೆನ್ಸರ್, ಮೂಲ ಹ್ಯಾಂಡಲ್ ಮಾರುವವರ ಬಳಿ ಇದ್ದರೆ ಬೆಲೆಗೆ ಕುಳಿತಾಗಲೇ ಕೇಳಿ ಪಡೆಯಿರಿ.

ಡೆಲಿವರಿ ಕೆಲಸಕ್ಕೆ ದೊಡ್ಡ ಪೆಟ್ಟಿಗೆ ಕಟ್ಟಿಕೊಂಡಿದ್ದೇನೆ. ಪರವಾಗಿಲ್ಲವೇ?

ಪೆಟ್ಟಿಗೆಗಿಂತ ಬಳಕೆಯೇ ಇಲ್ಲಿನ ತೊಡಕು. ಸ್ವಂತ ಬಳಕೆಗೆಂದು ಪಡೆದ ಪಾಲಿಸಿಯ ಮೇಲೆ ದುಡಿಮೆಗೆ ಓಡಿಸುತ್ತಿದ್ದರೆ ಅದನ್ನು ಕಂಪನಿಗೆ ತಿಳಿಸಿ. ಕಲಬುರಗಿ, ವಿಜಯಪುರದಿಂದ ಬಂದು ಹಗಲು ರಾತ್ರಿ ದುಡಿಯುವ ಹುಡುಗರಿಗೆ ಈ ಮಾತನ್ನು ಯಾರಾದರೂ ಹೇಳಲೇಬೇಕು.

ಸರ್ವೇಯರ್ ಬರುವ ಮೊದಲು ಹಳೆಯ ಭಾಗ ಹಾಕಿಬಿಟ್ಟರೆ?

ಬೇಡ. ಪೊಲೀಸರ ಪಂಚನಾಮೆ, ದಾರಿಹೋಕರ ಮೊಬೈಲ್ ಫೋಟೋ, ಟೋಲ್ ನಾಕೆಯ ಕ್ಯಾಮೆರಾ ಯಾವುದಾದರೊಂದು ನಿಜ ಹೇಳುತ್ತದೆ. ಮಾರ್ಪಾಡಿದ್ದರೂ ಒಂದು ಪಾಲು ಸಿಗಬಹುದಾಗಿದ್ದ ಕ್ಲೇಮ್, ಸುಳ್ಳು ಹೇಳಿದ್ದರಿಂದ ಪೂರ್ತಿ ಕೈತಪ್ಪುತ್ತದೆ. ಬೈಕನ್ನು ಬಿದ್ದ ಸ್ಥಿತಿಯಲ್ಲೇ ಎಲ್ಲ ಕಡೆಯಿಂದ ಫೋಟೋ ತೆಗೆದು, ತಡಮಾಡದೆ ಕಂಪನಿಗೆ ತಿಳಿಸಿ.

ಕ್ಲೇಮ್ ತಿರಸ್ಕರಿಸಿದರೆ ಏನು ಮಾಡಬೇಕು?

ತಿರಸ್ಕಾರದ ಪತ್ರವನ್ನು ಬರಹದಲ್ಲೇ ಪಡೆಯಿರಿ, ಯಾವ ಷರತ್ತಿನ ಮೇಲೆ ಎಂದು ಅದರಲ್ಲಿರಬೇಕು. ಷರತ್ತು ಮುರಿದ ಮಾತ್ರಕ್ಕೆ ಕ್ಲೇಮ್ ಪೂರ್ತಿ ಮುಳುಗುವುದಿಲ್ಲ. 2010ರ ಅಮಲೇಂದು ಸಾಹು ಪ್ರಕರಣದಲ್ಲಿ, ಖಾಸಗಿ ವಾಹನವನ್ನು ಬಾಡಿಗೆಗೆ ಓಡಿಸಲಾಗಿತ್ತು ಎಂದು ಕಂಪನಿ ಕ್ಲೇಮ್ ನಿರಾಕರಿಸಿತ್ತು; ಪೂರ್ತಿ ನಿರಾಕರಿಸುವಂತಿಲ್ಲ ಎಂದ ಸುಪ್ರೀಂ ಕೋರ್ಟ್ ಒಂದು ಪಾಲು ಪರಿಹಾರ ಕೊಡಿಸಿತು. ಇದನ್ನು ಅಪ್ರಮಾಣಿತ ಇತ್ಯರ್ಥ ಎನ್ನುತ್ತಾರೆ. ಕಳವಿನ ಮಟ್ಟಿಗೆ 2008ರ ನಿತಿನ್ ಖಂಡೇಲ್‌ವಾಲ್ ತೀರ್ಪೂ ಇದೇ ಹಾದಿಯದು: ಕಳವಿಗೆ ಸಂಬಂಧಿಸದ ಷರತ್ತು ಮುರಿದಿದ್ದಕ್ಕೆ ಇಡೀ ಕ್ಲೇಮ್ ನಿರಾಕರಿಸುವಂತಿಲ್ಲ. ನಿಮ್ಮ ಮಾರ್ಪಾಡಿಗೂ ನಷ್ಟಕ್ಕೂ ಸಂಬಂಧವಿಲ್ಲದಿದ್ದರೆ ಈ ಎರಡನ್ನೂ ಹೆಸರಿಸಿ ಬರೆಯಿರಿ.

ಮೊದಲ ದೂರು ಕಂಪನಿಯ ಕುಂದುಕೊರತೆ ಅಧಿಕಾರಿಗೆ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಬಂದರೂ ಒಪ್ಪಿಗೆಯಾಗದಿದ್ದರೆ, ವಿಮಾ ಒಂಬುಡ್ಸ್‌ಮನ್, ಅಂದರೆ ವಿಮೆಯ ದೂರುಗಳನ್ನು ಇತ್ಯರ್ಥಪಡಿಸುವ ಅಧಿಕಾರಿ. ಪುಣೆಯಲ್ಲೇ ಅದರ ಕಚೇರಿಯಿದೆ. ಶುಲ್ಕವಿಲ್ಲ, ವಕೀಲರು ಬೇಕಿಲ್ಲ, 50 ಲಕ್ಷ ರೂಪಾಯಿವರೆಗಿನ ಪರಿಹಾರ ಕೇಳಬಹುದು, ಒಂದು ವರ್ಷದೊಳಗೆ ಹೋಗಬೇಕು. ಪಾಲಿಸಿ ಕೊಟ್ಟ ಶಾಖೆ ಕರ್ನಾಟಕದಲ್ಲಿದ್ದರೆ ಬೆಂಗಳೂರಿನ ಒಂಬುಡ್ಸ್‌ಮನ್ ಬಳಿಯೂ ಹೋಗಬಹುದು. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ಕನ್ನಡಿಗರು ಪರಊರಿನಲ್ಲಿ ಯಾರ ಬಳಿ ಹೋಗುವುದೆಂದು ಹಿಂಜರಿದು ಕ್ಲೇಮನ್ನು ಬಿಟ್ಟುಕೊಡುತ್ತಾರೆ. ಬಿಡಬೇಡಿ, ಅದು ನೀವು ಪ್ರೀಮಿಯಂ ಕಟ್ಟಿ ಕೊಂಡ ಹಕ್ಕು.

ಅಂಗವಿಕಲರಿಗಾಗಿ ಪಕ್ಕದ ಚಕ್ರ ಹಾಕಿಸಿದ ಸ್ಕೂಟರಿಗೆ ವಿಮೆ ಇದೆಯೇ?

ಇದೆ. ಆರ್‌ಟಿಒ ಅನುಮತಿ ಪಡೆದು ಆರ್‌ಸಿಯಲ್ಲಿ ದಾಖಲಿಸಿದ ಮೇಲೆ, ಚಕ್ರಗಳ ಬೆಲೆಯನ್ನು ಪಾಲಿಸಿಗೆ ಸೇರಿಸಿ.

ಹಾಕಿಸಿದ ಭಾಗವನ್ನು ತೆಗೆದರೆ ಮತ್ತೆ ತಿಳಿಸಬೇಕೇ?

ತಿಳಿಸಿ. ಇಲ್ಲದ ವಸ್ತುವಿಗೆ ಪ್ರೀಮಿಯಂ ಕಟ್ಟುವುದೇಕೆ? ಇಮೇಲಿಗೆ ಹೊಸ ಫೋಟೋ ಲಗತ್ತಿಸಿ, ಉಳಿದ ಅವಧಿಯ ಪ್ರೀಮಿಯಂ ಮರಳಿಸುತ್ತಾರೆಯೇ ಎಂದು ಕೇಳಿ. ಆ ಭಾಗವನ್ನು ಬೇರೆಯವರಿಗೆ ಮಾರಿದರೆ ಮೂಲ ಬಿಲ್ಲನ್ನೂ ಜೊತೆಗೇ ಕೊಡಿ. ಅವರು ಅದನ್ನು ತಮ್ಮ ಪಾಲಿಸಿಗೆ ಸೇರಿಸಿಕೊಳ್ಳಲು ಆ ಹಾಳೆ ಬೇಕಾಗುತ್ತದೆ.